ಕೆಳಗಿನ ತಣ್ಣನೆಯ ಕೋಣೆ

ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಮಧ್ಯಾಹ್ನ ಮೂರು ಗಂಟೆ. ಮಗಳು ಶ್ರೀದೇವಿಯನ್ನು ಕರೆದುಕೊಂಡು ಬ್ಯಾಡಗಿಯಿಂದ ಹಾವೇರಿಗೆ ಬಂದಿದ್ದೆ, ಸಮ್ಮೋಹನ ಮಾಡಿ ನಿದ್ದೆ ಬರಿಸುವ ವಿಜಯಮಹಾಂತೇಶ ಡಾಕ್ಟರ ಹತ್ತಿರ.

ಅವಳು ಬ್ಯಾಡಗಿಯ ಮಾರುಕಟ್ಟೆ ಯಾರ್ಡಿನಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು. ಸಂಕ್ರಾಂತಿಯ ಹಿಂದಿನ ದಿನ, ಕಾಯಿ ಚೀಲ ತಣ್ಣಗೆ ಇಡುವ ಕೋಲ್ಡ್ ಸ್ಟೋರೇಜಿನೊಳಗೆ ಹೋದಾಗ ಯಾರೋ ನೋಡದೆ ಹೊರಗಿನಿಂದ ಬಾಗಿಲು ಹಾಕಿದ್ದರು. ಒಂದು ತಾಸು ಒಳಗಿದ್ದಳು. ಅಂದಿನಿಂದ ಕಣ್ಣು ಮುಚ್ಚಲಾರಳು. ಆ ಮಾತು ಹೊರಬಿದ್ದರೆ ಯಾರ್ಡಿನ ಅಂಗಡಿಯವರು ಅವಳನ್ನು ಕೆಲಸಕ್ಕೆ ಕರೆಯುವುದಿಲ್ಲವೆಂದು ಡಾಕ್ಟರಿಗೂ ನಾನು ಹೇಳಲಿಲ್ಲ. "ನಿದ್ದಿ ಇಲ್ಲರಿ" ಎಂದೆ, ಅಷ್ಟೆ. ನಾನು ಅಲ್ಲೇ ನಲವತ್ತು ವರ್ಷ ಹಮಾಲಿ ಮಾಡಿದವನು. ಯಾರ್ಡಿನ ಮಾತು ಯಾರ್ಡಿನಲ್ಲೇ ಇರಬೇಕೆಂದು ಕಲಿತವನು.

"ನಿಮ್ಮ ಕಣ್ಣು ಭಾರ ಆಗ್ಯಾವ. ಕೈ ಮ್ಯಾಲ ಏಳಾಕತ್ತೈತಿ," ಎಂದರು ಡಾಕ್ಟರು ಅವಳಿಗೆ.

ಶ್ರೀದೇವಿ ನಕ್ಕಳು. "ಏನೂ ಏಳವಲ್ದರಿ. ಚಾ ಕೊಟ್ರ ಎತ್ತೇನಿ ನೋಡ್ರಿ."

ಡಾಕ್ಟರು ನನ್ನ ಕಡೆ ತಿರುಗಿದರು. "ಕೆಲವರು ಹೇಳಿದ್ದನ್ನ ಮಾಡ್ತಾರ, ಯಜಮಾನ್ರ. ಇವ್ರು ಹಂಗಲ್ಲ. ಇವ್ರಿಗೆ ಚಿತ್ರ ತೋರಿಸಬೇಕು."

ಆಮೇಲೆ ಅವಳತ್ತ ತಿರುಗಿ ದನಿ ಇಳಿಸಿ, "ಮೆಟ್ಟಲಾ ಇಳಿಯಾಕತ್ತೀರಿ. ಕೆಳಗ ತಣ್ಣನ್ನ ಕೋಣಿ ಐತಿ. ಬಾಗಲಾ ಮುಚ್ಚಿತು. ಇನ್ನ ಒಳಗ ಯಾರೂ ಬರೂದಿಲ್ಲ," ಎಂದರು.

ಬೇಡವೆಂದು ನಾನು ಕೈ ಎತ್ತಿದೆ. ಬಾಯಿ ತೆರೆಯುವಷ್ಟರಲ್ಲಿ ಅವಳ ಹಲ್ಲು ಕಟಕಟ ಎನ್ನತೊಡಗಿತ್ತು. ಆ ಸೆಕೆಯಲ್ಲಿ ತೋಳಿನ ಮೇಲೆ ಮುಳ್ಳು ಎದ್ದಿತ್ತು. ಉಸಿರು ಸಣ್ಣದಾಯಿತು.

"ಮೂರು ಎಣಸ್ತೇನಿ, ಎಚ್ಚರಾಗ್ರಿ!" ಎಂದು ಡಾಕ್ಟರು ಎಣಿಸಿದರು. ಮತ್ತೆ ಎಣಿಸಿದರು. ಅವಳು ಏಳಲಿಲ್ಲ.

"ಅಕಿ ಕೋಲ್ಡ್ ಸ್ಟೋರೇಜಿನ್ಯಾಗ ಸಿಕ್ಕೊಂಡಿದ್ಳರಿ," ಎಂದೆ ಆಗ.

"ಅಯ್ಯೋ, ಮದ್ಲ ಯಾಕ ಹೇಳಲಿಲ್ರಿ!"

ಡಾಕ್ಟರು ಅಂದಂತೆ ಅವಳು ಹೇಳಿದರೆ ಕೇಳುವವಳಲ್ಲ, ಕಂಡಲ್ಲಿಗೆ ಹೋಗುವವಳು. ಹಾಗಾದರೆ ನಾನೂ ಚಿತ್ರ ತೋರಿಸಬೇಕು. ಅವಳ ಕಿವಿಯ ಹತ್ತಿರ ಬಾಗಿದೆ.

"ಶ್ರೀದೇವಿ, ಬಾಗಲಾ ತಗದೇನಿ. ಹೊರಗ ಬಿಸಲ ನೋಡವ್ವಾ. ಯಾರ್ಡ್ ತುಂಬ ಕೆಂಪನ್ನ ಕಾಯಿ ಹರವ್ಯಾರ. ನಿನ್ನ ಬಾಜೂ ಕುಂದ್ರೂ ಮೈಲವ್ವ ಚೀಲಾ ಝಾಡಸಾಕತ್ತಾಳ. ಘಾಟು ಬಂತು ನೋಡು, ಮೂಗಿಗೆ..."

ಮೂಗು ಅರಳಿತು. ಸೀನಿದಳು. ಮತ್ತೊಮ್ಮೆ ಸೀನಿ ಕಣ್ಣು ಬಿಟ್ಟಳು. "ಅಪ್ಪಾ, ಆ ಮೈಲವ್ವಗ ಅತ್ತಾಗ ಝಾಡಸು ಅನ್ನು."

ಅಂದಿನಿಂದ ಅವಳ ಮುಂದೆ ಮಾತಾಡಲು ನನಗೆ ಹೆದರಿಕೆ. ನಾನು ಮಾತಿನಲ್ಲಿ ಏನನ್ನು ತೋರಿಸಿದರೂ ಅಲ್ಲಿಗೆ ಹೋಗಿಬಿಡುತ್ತಾಳೆ. ನಿದ್ದೆ ಬಂತೇ ಎಂದು ಕೂಡ ಕೇಳಲಿಲ್ಲ.

ಸೋಮವಾರ ಯಾರ್ಡಿನಲ್ಲಿ ಪೇಟೆಯ ದಿನ. ಬುತ್ತಿ ಕಟ್ಟಿಕೊಂಡಳು. ಕೋಲ್ಡ್ ಸ್ಟೋರೇಜಿನ ಆ ಬಾಗಿಲ ಹತ್ತಿರ ಹೋಗಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು; ಅಂದರೆ ಅದೇ ಬಾಗಿಲು ಅವಳ ಕಣ್ಣಿಗೆ ಕಟ್ಟೀತೆಂದು ನುಂಗಿಕೊಂಡೆ.

"ಬಿಸಲ ಛಲೋ ಬಿದ್ದೈತವ್ವಾ," ಎಂದೆ.

ಸೋಮವಾರ ಬೆಳಿಗ್ಗೆ ಶ್ರೀದೇವಿ ಯಾರ್ಡಿಗೆ ಹೋದಳು.