ಇಬ್ಬರು ತಸ್ಲೀಮ್

“ಮಾವ, ಹೊಗೆ ವಾಸ್ನೆ ಬರ್ತೈತೆ,” ಎಂದು ಅಂಕಿತಾ ಮೂಗು ಮುರಿದಳು.

ಮುಖ್ಯೋಪಾಧ್ಯಾಯ ಬಸವಪ್ರಭು ತಂಗಿಯ ಮಗಳ ಕಾಲರನ್ನು ತಾನೇ ಸರಿಪಡಿಸಿದ. “ಮಂಡಕ್ಕಿ ಭಟ್ಟಿಯೋರ ಬಟ್ಟೆ, ಅತ್ತರು ವಾಸ್ನೆ ಬರ್ತೈತಾ? ಮಧ್ಯಾಹ್ನದ ತನ ತಡ್ಕೊ. ತಸ್ಲೀಮ್ ಅಂತ ಕೂಗಿದ್ರೆ ಏನಂತೀಯ?”

“ಹಾಜರ್.”

“ಜಾಣೆ!”

ಮೂರನೇ ತರಗತಿಯ ಟೀಚರ್ ಸುಷ್ಮಾಳಿಗೆ ಅಸಹ್ಯವಾಯಿತು. ಬಡವರ, ಅಲ್ಪಸಂಖ್ಯಾತರ ಮಕ್ಕಳು ಎಷ್ಟು ಕಲಿತಿದ್ದಾರೆಂದು ಅಳೆಯಲು ಇವತ್ತು ಅಧಿಕಾರಿ ಬರುವವರಿದ್ದರು. ಕಲಿಸುವ ಗೋಜಿಗೇ ಹೋಗದ ಈ ಮಹಾನುಭಾವ ಮಕ್ಕಳನ್ನೇ ಬದಲಾಯಿಸಿಬಿಟ್ಟಿದ್ದ. ಹರಿಹರದ ಕಾನ್ವೆಂಟಿನಲ್ಲಿ ಓದುವ ನೆಂಟರ ಮಕ್ಕಳನ್ನು ಆಟೋದಲ್ಲಿ ತುಂಬಿಕೊಂಡು ಬಂದು, ಇಲ್ಲಿಯವರ ಸಮವಸ್ತ್ರ ತೊಡಿಸಿದ್ದ. ಓದಲು ತಡವರಿಸುವ ಇಲ್ಲಿಯವರು ಮನೆಬಟ್ಟೆಯಲ್ಲಿ ಬಿಸಿಯೂಟದ ಕೋಣೆಯೊಳಗೆ ಬೆಳ್ಳುಳ್ಳಿ ಸುಲಿಯುತ್ತಿದ್ದರು.

“ಸರ್, ಓದ್ನಾಗೆ ಹಿಂದುಳಿದೋರ್ಗೆ ಅಂತ ಇನ್ನೊಬ್ರು ಟೀಚರ್ ಕೊಡ್ತಾರಂತೆ. ಇವ್ರನ್ನ ಮುಚ್ಚಿಟ್ರೆ ಯಾರಿಗ್ರಿ ಕೊಡೋದು?”

“ನನ್ ಮರ್ಯಾದಿ ಯಾರು ಕೊಡ್ತಾರ್ರಿ? ಶಾಲೆ ಫಸ್ಟ್ ಬರ್ಲಿ, ಸುಮ್ನಿರ್ರಿ.”

ಮರ್ಯಾದೆಯಂತೆ! ಮಕ್ಕಳ ಅಂಗಿ ಎರವಲು ಪಡೆದವನ ಬಾಯಲ್ಲಿ ಆ ಮಾತು. ಆದರೂ ಸುಷ್ಮಾ ಹಾಜರಿ ಪುಸ್ತಕ ತಂದು ಮೇಜಿನ ಮೇಲಿಟ್ಟಳು. ತನ್ನ ಮೇಲೂ ಅವಳಿಗೆ ಅಷ್ಟೇ ಹೇಸಿಗೆಯಾಯಿತು. ಅಂಕಿತಾ ತೊಟ್ಟ ಸಮವಸ್ತ್ರದ ನಿಜವಾದ ಒಡತಿ ತಸ್ಲೀಮ್ ದಿನಾ ಶಾಲೆ ಬಿಟ್ಟ ಮೇಲೂ ಸುಷ್ಮಾಳ ಪಕ್ಕ ಕೂತು ಅಕ್ಷರ ಕೂಡಿಸುತ್ತಿದ್ದಳು. ನಲವತ್ತು ಮಕ್ಕಳ ನಡುವೆ ಆ ಒಬ್ಬಳಿಗೆ ಎಷ್ಟು ಹೊತ್ತು ಕೊಡಲಾದೀತು?

ಅಧಿಕಾರಿ ಆಶಾರಾಣಿ ಬಂದು ಕೂತು, ಎಳನೀರು ಕುಡಿದು, ಹಾಜರಿ ಕೂಗತೊಡಗಿದರು.

“ತಸ್ಲೀಮ್.”

“ಹಾಜರ್,” ಎಂದಳು ಅಂಕಿತಾ.

“ಹಾಜರ್ ಟೀಚರ್!” ಅಂಗಳದಾಚೆಯ ಅಡುಗೆಕೋಣೆಯಿಂದ ಇನ್ನೊಂದು ದನಿ ಬಂತು. ದಿನಾ ಬೆಳಿಗ್ಗೆ ಕೂಗುವ ಹಾಗೆಯೇ, ಗಂಟಲು ಹರಿಯುವಂತೆ.

ಆಶಾರಾಣಿ ತಲೆಯೆತ್ತಿದರು. “ಎಷ್ಟು ಜನ ತಸ್ಲೀಮ್ ಅದಾರ್ರಿ ನಿಮ್ಮಲ್ಲಿ?”

ಬಸವಪ್ರಭು ಹಲ್ಲು ಕಿರಿದ. “ಅಡಿಗಿಯೋರ ಮಗ್ಳು ಮೇಡಂ. ಹುಡುಗಾಟ.”

“ಅಲ್ಲ ಮೇಡಂ,” ಎಂದುಬಿಟ್ಟಳು ಸುಷ್ಮಾ. “ಅವ್ಳೇ ತಸ್ಲೀಮ್. ನಮ್ ಮಕ್ಳು ಇನ್ನೂ ಅದಾರೆ ಅಲ್ಲಿ. ತಸ್ಲೀಮ್, ಬಾ ಇಲ್ಲಿ!”

ಬಸವಪ್ರಭುವಿನ ಮುಖ ಕಪ್ಪಿಟ್ಟಿತು. ತಸ್ಲೀಮ್ ಮಾಸಿದ ಫ್ರಾಕಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. ಕೊನೆಗೂ ತನ್ನನ್ನು ಕರೆದರೆಂಬ ಖುಷಿ ಅವಳಿಗೆ. ಆಶಾರಾಣಿ ಪುಸ್ತಕ ಬಿಚ್ಚಿ ಮುಂದಿಟ್ಟರು.

“ಮ... ಳೆ... ಮಳೆ,” ಎಂದು ಓದಿ, ಮುಂದಿನ ಒತ್ತಕ್ಷರದಲ್ಲಿ ತಸ್ಲೀಮ್ ಸಿಕ್ಕಿಕೊಂಡಳು. ಸುಷ್ಮಾಳ ಮುಖ ನೋಡಿದಳು.

ಬಸವಪ್ರಭು ಗಂಟಲು ಕೆರೆದು ಆ ಪದವನ್ನು ಪಿಸುಗುಟ್ಟಿದ. “ಹೇಳ್ಕೊಡ್ಬ್ಯಾಡ್ರಿ, ಅವ್ಳಿಗೆ ಎಷ್ಟು ಬರುತ್ತೋ ಅಷ್ಟೇ ಮೇಡಂ ಬರ್ಕೊಳ್ಳಿ,” ಎಂದಳು ಸುಷ್ಮಾ.

ಬೆಳ್ಳುಳ್ಳಿ ಸಿಪ್ಪೆ ಅಂಟಿದ ಬೆರಳನ್ನು ತಸ್ಲೀಮ್ ಮತ್ತೆ ಮೊದಲ ಅಕ್ಷರದ ಮೇಲಿಟ್ಟಳು.