ಅಮ್ಮನ ಪಕ್ಕದ ದೋಣಿ

ಅಮ್ಮ ಈಜು ಕಲಿತದ್ದು ಅರವತ್ತೊಂದನೆಯ ವಯಸ್ಸಿನಲ್ಲಿ, ಅದೂ ಮಂಡಿನೋವಿನ ದೆಸೆಯಿಂದ. ದಿನಾ ಅರ್ಧ ಗಂಟೆ ನೀರಿನಲ್ಲಿ ನಡೆದಾಡಿ ಎಂದು ಡಾಕ್ಟರು ಹೇಳಿದ್ದರು. ಒಂದು ವಾರ ಈಜುಕೊಳದ ಗೋಡೆ ಹಿಡಿದು ನಡೆದಳು, ಬೇಜಾರು ಬಂತು, ಎರಡನೆಯ ವಾರ ಗೋಡೆ ಬಿಟ್ಟಳು. ಮೂವತ್ತು ವರ್ಷ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಕ್ಯಾಂಟೀನು ನಡೆಸಿ, ಹಿಟ್ಟು ನಾದಿ, ದೊಡ್ಡ ಪಾತ್ರೆಗಳನ್ನು ಎತ್ತಿ ಇಳಿಸಿ ಗಟ್ಟಿಯಾದ ತೋಳುಗಳು. ಅವಕ್ಕೆ ನೀರು ಒಂದು ಲೆಕ್ಕವೇ ಅಲ್ಲ.

ಅರವತ್ತೇಳು ತುಂಬಿದ ವರ್ಷ, ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ, ಮಗಳ ಮುಂದೆ ನೀರಿನ ಲೋಟ ಇಡುತ್ತಾ ಹೇಳಿದಳು: “ಬರೋ ಭಾನುವಾರ ಅಳಿವೆ ದಾಟ್ತಿದೀನಿ. ಈಜು ಸ್ಪರ್ಧೆಗೆ ಹೆಸರು ಕೊಟ್ಟು ಬಂದೆ. ಅವತ್ತು ಬೋಟು ಖಾಲಿ ಇಟ್ಕೊ.”

ಮಗಳ ತುತ್ತು ಕೈಯಲ್ಲೇ ಉಳಿಯಿತು. ನದಿ ಸಮುದ್ರ ಸೇರುವ ಆ ಅಗಲವಾದ ಅಳಿವೆಯಲ್ಲಿ ದಿನಾ ಜನರನ್ನು ಈಚೆಯಿಂದ ಆಚೆಗೆ ಸಾಗಿಸುವವಳು ಅವಳು. ದಕ್ಕೆಯವರೆಲ್ಲ ಅವಳನ್ನು ಬೋಟಕ್ಕ ಎನ್ನುತ್ತಿದ್ದರು. ಅಲ್ಲಿನ ಸೆಳೆತ ಅವಳಿಗೆ ಗೊತ್ತಿತ್ತು.

“ಎರಡೂವರೆ ಕಿಲೋಮೀಟರ್ ಕಣಮ್ಮಾ!”

“ಗೊತ್ತು. ಕೊಳದಲ್ಲಿ ನೂರು ಸಲ ಈ ತುದಿಯಿಂದ ಆ ತುದಿ. ನಿನ್ನೆ ನೂರಾನಾಲ್ಕಾಯ್ತು, ಎಣಿಕೆ ತಪ್ಪಿ.”

ಒಂದೇ ಒಂದು ಷರತ್ತಿತ್ತು. ಅರವತ್ತು ದಾಟಿದ ಈಜುಗಾರರ ಪಕ್ಕದಲ್ಲಿ ಅವರದೇ ಒಂದು ದೋಣಿ ಕೊನೆಯವರೆಗೂ ಇರಬೇಕು, ಹತ್ತು ಮೀಟರಿಗಿಂತ ದೂರ ಹೋಗಕೂಡದು. ದೋಣಿ ಹಿಂದುಳಿದರೆ ಈಜುಗಾರರನ್ನು ನೀರಿನಿಂದ ಎತ್ತಿಬಿಡುತ್ತಾರೆ. ಬೋಟಕ್ಕ ಯೋಚಿಸಿ, ತಲೆ ತುರಿಸಿಕೊಂಡು, ಕೊನೆಗೆ ನಕ್ಕುಬಿಟ್ಟಳು. ಅಮ್ಮನಿಗೆ ಬೇಡ ಅಂದು ಗೆದ್ದವರು ಆ ಮನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಗುರುವಾರ ಬೆಳಗ್ಗೆ ಮೋಟಾರು ಕೈಕೊಟ್ಟಿತು. ದೋಣಿಯ ಹಿಂಬದಿಗೆ ನೇತುಹಾಕುವ ಔಟ್‌ಬೋರ್ಡ್ ಮೋಟಾರು, ಹನ್ನೊಂದು ವರ್ಷದ್ದು. ಅರ್ಧ ದಾರಿಯಲ್ಲಿ ‘ಪೀ’ ಎಂದು ಒಂದೇ ಸಮನೆ ಕೂಗಿಕೊಂಡು ತಾನಾಗಿಯೇ ವೇಗ ಇಳಿಸಿಕೊಂಡಿತು. ಬೋಟಕ್ಕ ಹಿಂದಕ್ಕೆ ಬಾಗಿ ನೋಡಿದಳು. ಎಂಜಿನ್ನನ್ನು ತಂಪು ಮಾಡಿದ ನೀರು ಪಕ್ಕದ ಸಣ್ಣ ತೂತಿನಿಂದ ಬೆರಳುಗಾತ್ರ ಚಿಮ್ಮಬೇಕು. ಅವತ್ತು ದಾರದಷ್ಟು ಸೊರಗಿ ತೊಟ್ಟಿಕ್ಕುತ್ತಿತ್ತು. ಕುಂಟುತ್ತಾ ದಡಕ್ಕೆ ತಂದಳು.

ಈಗ ತಾಪತ್ರಯ ಮೋಟಾರಿನದಷ್ಟೇ ಆಗಿರಲಿಲ್ಲ. ಅವಳ ಗಂಡ ನೀರಿನ ಪಂಪುಗಳ ರಿಪೇರಿಯವನು, ಊರಿಗೆಲ್ಲ ಪಂಪಣ್ಣ. ಅವಳ ತಮ್ಮ ಗಾಡಿಗಳ ವೈರಿಂಗ್ ಕೆಲಸದವನು, ಎಲ್ಲರ ಬಾಯಲ್ಲೂ ಫ್ಯೂಸು. ಇಬ್ಬರ ಅಂಗಡಿಗಳೂ ದಕ್ಕೆ ಬೀದಿಯಲ್ಲಿ ಎದುರುಬದುರು. ಎರಡು ವರ್ಷದ ಹಿಂದೆ ಅಮ್ಮನ ಮನೆಯ ಪಂಪು ಸುಟ್ಟುಹೋದಾಗ ವೈರಿಂಗ್ ಸರಿ ಇಲ್ಲ ಎಂದು ಅಳಿಯ, ನೀರಿಲ್ಲದೆ ಓಡಿಸಿದರೆ ಇನ್ನೇನಾಗುತ್ತೆ ಎಂದು ಮಗ. ಮಾತಿಗೆ ಮಾತು ಬೆಳೆದು ಮಾತೇ ನಿಂತಿತ್ತು. ಏನಿದ್ದರೂ ಬೋಟಕ್ಕನ ಮೂಲಕ.

ಅವಳು ಇಬ್ಬರನ್ನೂ ಕರೆದಳು. ಮೋಟಾರನ್ನು ಬಿಚ್ಚಿ, ಮರದ ಸ್ಟ್ಯಾಂಡಿಗೆ ಕಟ್ಟಿ, ಅದರ ಕಾಲನ್ನು ನೀರು ತುಂಬಿದ ಡ್ರಮ್ಮಿನೊಳಗೆ ಇಳಿಬಿಟ್ಟರು. ಎಡಕ್ಕೆ ಗಂಡ, ಬಲಕ್ಕೆ ತಮ್ಮ, ನಡುವೆ ಎರಡಡಿ ಜಾಗ.

“ನಿನ್ನ ತಮ್ಮನಿಗೆ ಹೇಳು, ಬ್ಯಾಟರಿ ವೈರು ಬಿಚ್ಚಲಿ. ನಾನು ಕೆಳಗಡೆ ಕೈ ಹಾಕ್ಬೇಕು.”

“ಬಿಚ್ಚಾಗಿದೆ ಅಂತ ನಿಮ್ಮನೆಯವರಿಗೆ ಹೇಳಕ್ಕಾ.”

“ಇಬ್ಬರಿಗೂ ಕಿವಿ ಇದೆ ತಾನೆ?” ಎಂದಳು ಬೋಟಕ್ಕ. “ನಾನೇನು ನಿಮ್ಮಿಬ್ಬರ ಪೋಸ್ಟ್‌ಮ್ಯಾನಾ?”

ಪಂಪಣ್ಣ ಕೆಳಭಾಗ ಬಿಚ್ಚಿ ಒಳಗಿನ ಇಂಪೆಲ್ಲರ್ ತೆಗೆದ. ನೀರನ್ನು ಮೇಲಕ್ಕೆ ತಳ್ಳುವ, ಅಂಗೈಯಗಲದ ರಬ್ಬರ್ ಚಕ್ರ ಅದು. ಆರು ರೆಕ್ಕೆಗಳಲ್ಲಿ ಎರಡು ಬುಡಸಮೇತ ಮುರಿದಿದ್ದವು. “ನೋಡಿದ್ಯಾ? ನೀರಿನ ತೊಂದರೆ. ನಾನು ಮೊದಲೇ ಅಂದೆ,” ಎಂದ, ಯಾರ ಮುಖವನ್ನೂ ನೋಡದೆ. ಹೊಸದು ಹಾಕಿ ಚಾಲೂ ಮಾಡಿದರೆ ನೀರು ಜೋರಾಗಿ ಚಿಮ್ಮಿತು. ಆದರೆ ‘ಪೀ’ ಮಾತ್ರ ನಿಲ್ಲಲಿಲ್ಲ. ಈಗ ಫ್ಯೂಸು ಮೀಸೆಯಲ್ಲೇ ನಕ್ಕ. ಎಂಜಿನ್ನಿನ ಬಿಸಿ ಅಳೆಯುವ ಸೆನ್ಸರಿನ ವೈರು ಕವರಿನ ಅಂಚಿಗೆ ಉಜ್ಜಿ ಉಜ್ಜಿ ಒಳಗಿನ ತಾಮ್ರ ಹೊಳೆಯುತ್ತಿತ್ತು. ಅದಕ್ಕೆ ಹೊಸ ತುಂಡು ಸೇರಿಸಿ ಟೇಪು ಸುತ್ತಿದ. ಕೂಗು ನಿಂತಿತು.

ಅಮ್ಮ ಇದನ್ನೆಲ್ಲ ತಲೆಕೆಳಗಾದ ಬುಟ್ಟಿಯ ಮೇಲೆ ಕೂತು ನೋಡುತ್ತಿದ್ದಳು. “ಅಳಿಯಂದ್ರೇ, ಮುರಿದ ಆ ಎರಡು ರೆಕ್ಕೆ ಎಲ್ಲಿ ಹೋದವು?”

“ಎಂದೋ ನೀರಿನ ಜೊತೆ ಹೊರಗೆ ಹೋಗಿರ್ತವೆ ಬಿಡಿ ಅತ್ತೆ.”

“ಅಷ್ಟು ಸಣ್ಣ ತೂತಲ್ಲಿ ಹೋಗತ್ತಾ?”

ಪಂಪಣ್ಣ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಸ್ಪ್ಯಾನರುಗಳನ್ನು ಡಬ್ಬಿಗೆ ತುಂಬಿದ.

ಭಾನುವಾರ ಬೆಳಗ್ಗೆ ಬಿಸಿಲು ಚೊಕ್ಕಟವಾಗಿತ್ತು. ಎಪ್ಪತ್ತು ಈಜುಗಾರರು ಹಳದಿ ಟೊಪ್ಪಿ ಹಾಕಿಕೊಂಡು ದಡದಲ್ಲಿ ಗಿಜಿಗುಟ್ಟುತ್ತಿದ್ದರು. ಅಮ್ಮನೇ ಹಿರಿಯಳು. ಸೀಟಿ ಊದಿದಾಗ ಹುಡುಗರೆಲ್ಲ ಓಡಿಹೋಗಿ ದಬಕ್ಕನೆ ಬಿದ್ದರು. ಅಮ್ಮ ಮಾತ್ರ ಪಾತ್ರೆ ತೊಳೆಯಲು ಹೊರಟವಳಂತೆ ನಿಧಾನವಾಗಿ ಇಳಿದು, ಮುಖಕ್ಕೆ ಒಂದು ಬೊಗಸೆ ನೀರು ಹಾಕಿಕೊಂಡು, ಕೈ ಬೀಸಲು ಶುರುಮಾಡಿದಳು. ಬೋಟಕ್ಕ ದೋಣಿಯನ್ನು ಆಕೆಯ ಬಲಕ್ಕೆ ತಂದಳು. ಏನಾದರೂ ಆದರೆ ಇರಲಿ ಎಂದು ಗಂಡನನ್ನೂ ತಮ್ಮನನ್ನೂ ದೋಣಿಯಲ್ಲಿ ಎದುರುಬದುರು ಕೂರಿಸಿದ್ದಳು. ಒಬ್ಬ ಆಕಾಶ ನೋಡುತ್ತಿದ್ದ, ಇನ್ನೊಬ್ಬ ತನ್ನ ಚಪ್ಪಲಿ.

ಅರ್ಧ ದಾರಿ ಕಳೆದಿತ್ತು. ಆಮೆಯ ನಡಿಗೆಯಲ್ಲಿ ಅಷ್ಟು ಹೊತ್ತು ಓಡಿದ ಮೋಟಾರಿನ ನೀರು ಮೆಲ್ಲಗೆ ಸೊರಗಿತು, ತೊಟ್ಟಿಕ್ಕಿತು, ಪೂರ್ತಿ ನಿಂತಿತು. ‘ಪೀ…’

ಬೋಟಕ್ಕ ತಟ್ಟನೆ ಎಂಜಿನ್ ಆರಿಸಿದಳು. ಅಮ್ಮ ತಲೆ ಎತ್ತಿದಳು.

“ಏನಾಯ್ತೇ?”

“ಏನಿಲ್ಲಮ್ಮಾ, ಮೋಟಾರು ಉಸಿರು ತಗೊಳ್ತಿದೆ!”

ಕಾವಲಿನ ವೇಗದ ದೋಣಿ ಹತ್ತಿರ ಬಂತು. ಅದರಲ್ಲಿದ್ದ ಅಧಿಕಾರಿ ಕೈ ಅಡ್ಡ ಹಿಡಿದು ಕೂಗಿದ: “ಅಮ್ಮಾವ್ರನ್ನ ಹತ್ತಿಸ್ಕೊಳ್ಳಿ. ಬೋಟು ಕೆಟ್ರೆ ಮುಗೀತು.”

“ಬೋಟು ಪಕ್ಕದಲ್ಲಿರಬೇಕು ಅಂತ ತಾನೆ ನಿಯಮ? ಮೋಟಾರೇ ಓಡ್ಬೇಕು ಅಂತ ಎಲ್ಲಿ ಬರ್ದಿದೆ?” ಎಂದಳು ಬೋಟಕ್ಕ. ಅವನು, “ಹತ್ತು ಮೀಟರ್! ಒಂದು ಅಡಿ ಜಾಸ್ತಿಯಾದ್ರೂ ಎತ್ತಿಬಿಡ್ತೀನಿ,” ಎಂದು ಸ್ವಲ್ಪ ದೂರ ಸರಿದು ನಿಂತ.

ದೋಣಿಯ ತಳದಲ್ಲಿ ಎರಡು ಹುಟ್ಟುಗಳಿದ್ದವು. ಮೋಟಾರು ಬರುವ ಮೊದಲು ಇದೇ ನೀರಿನಲ್ಲಿ ಹುಟ್ಟು ಹಾಕಿ ಬೆಳೆದವಳು ಅವಳು. ಕಾಲನ್ನು ಅಡ್ಡಪಟ್ಟಿಗೆ ಒತ್ತಿ ಕೂತು ಎಳೆದಳು. ಭಾರದ ದೋಣಿ ಮೊದಲು ಅಲುಗಲಿಲ್ಲ, ಆಮೇಲೆ ಒಲ್ಲೆ ಒಲ್ಲೆ ಎನ್ನುತ್ತಾ ಹೊರಟಿತು. ಸೆಳೆತ ಎಡಕ್ಕೆಳೆದರೆ ಇವಳು ಬಲಕ್ಕೆಳೆದಳು.

“ಅಮ್ಮಾ, ನೀನು ನಿಲ್ಬೇಡ! ಈಜ್ತಾ ಇರು, ನಾನು ಬರ್ತೀನಿ!”

“ನಾನೆಲ್ಲಿ ನಿಂತೆ? ನೀನೇ ಹಿಂದೆ ಬಿದ್ದಿದೀಯ!”

ದೋಣಿಯ ಹಿಂಬದಿಯಲ್ಲಿ ಪಂಪಣ್ಣ ಮೋಟಾರಿನ ಕವರು ತೆಗೆದು, ಬಿಸಿಯ ಮೇಲೆ ಒದ್ದೆ ಬಟ್ಟೆ ಹಾಕಿ ಸ್ಪ್ಯಾನರ್ ಹಿಡಿದ. ಎಂಜಿನ್ನಿನ ನೆತ್ತಿಯ ಬಳಿ ಥರ್ಮೋಸ್ಟಾಟ್ ಕೂರುವ ಗೂಡಿನ ಮುಚ್ಚಳ. ಎಂಜಿನ್ ಬಿಸಿಯಾದ ಹಾಗೆ ನೀರಿಗೆ ದಾರಿ ಬಿಡುವ ಪುಟ್ಟ ಬಾಗಿಲು ಅಲ್ಲಿರುತ್ತದೆ. ಮೂರು ಬೋಲ್ಟು ಬಂದವು. ನಾಲ್ಕನೆಯದಕ್ಕೆ ಅವನ ದಪ್ಪ ಬೆರಳು ಹೋಗಲಿಲ್ಲ. ಬೆವರು ಕಣ್ಣಿಗಿಳಿಯಿತು. ಹೆಂಡತಿಯ ಕಡೆ ತಿರುಗಿ, “ನಿನ್ನ ತಮ್ಮನಿಗೆ…” ಎಂದು ಶುರುಮಾಡಿದ. ಅವಳು ಹಲ್ಲು ಕಚ್ಚಿ ಹುಟ್ಟು ಎಳೆಯುತ್ತಿದ್ದಳು; ಅವಳ ಮುಖ ನೋಡಿ ಮತ್ತೆ ಬೋಲ್ಟಿನ ಕಡೆಗೇ ತಿರುಗಿದ.

ಫ್ಯೂಸು ಎದ್ದು ಬಂದು ಪಕ್ಕದಲ್ಲಿ ಮಂಡಿಯೂರಿದ. “ಭಾವ, ಇಲ್ಲಿ ಕೊಡಿ. ನನ್ನ ಬೆರಳು ಸಣ್ಣದು.”

ಆ ಮಾತು ನೀರಿನ ಮೇಲೆ ಸಲೀಸಾಗಿ ಹೋಯಿತು. ಅಮ್ಮ ಕೈ ಬೀಸುವುದನ್ನು ಬಿಟ್ಟು ಅಂಗಾತ ತೇಲಿದಳು. “ಏನಂದ? ಭಾವ ಅಂದ್ನಾ?”

“ಅಂದ ಕಣಮ್ಮಾ, ನೀನು ಈಜು!”

ಮುಚ್ಚಳ ಬಂತು. ಅಡಿಯ ಸಣ್ಣ ಬಾಗಿಲಿಗೆ ಅಡ್ಡಲಾಗಿ, ಮಡಚಿಕೊಂಡು, ಒಂದರ ಮೇಲೊಂದು ಕೂತಿದ್ದವು ಎರಡು ಕಪ್ಪು ರಬ್ಬರ್ ತುಂಡುಗಳು. ಪಂಪಣ್ಣ ಇಕ್ಕಳದಿಂದ ಎಳೆದು ಅಂಗೈಯಲ್ಲಿಟ್ಟುಕೊಂಡ. ಆಮೇಲೆ ದೋಣಿಯ ಅಂಚಿಗೆ ಬಾಗಿ ಕೂಗಿದ: “ಅತ್ತೇ! ಸಿಕ್ಕಿದವು! ನೀವು ಕೇಳಿದಾಗಲೇ ಹುಡುಕ್ಬೇಕಿತ್ತು!”

“ಆಮೇಲೆ ಮಾತಾಡೋಣ,” ಎಂದು ಉತ್ತರ ಬಂತು. “ಈಗ ಬಾಯಿಗೆ ನೀರು ಹೋಗತ್ತೆ.”

ಮುಚ್ಚಳ ಹಾಕಿ ಕೀ ತಿರುಗಿಸಿದರೆ ‘ಟಕ್’. ಮತ್ತೆ ‘ಟಕ್’. ಅಷ್ಟೇ. ಹಗ್ಗ ಎಳೆದು ಚಾಲೂ ಮಾಡುವ ಮೋಟಾರಲ್ಲ ಅದು. ಫ್ಯೂಸು ಮೀಟರು ಇಟ್ಟ: ಬ್ಯಾಟರಿ ತುಂಬಿದೆ. ಸ್ವಿಚ್ಚು ನೋಡಿದ, ಸರಿ ಇದೆ. ಕರೆಂಟು ಇದ್ದೂ ಸ್ಟಾರ್ಟರಿಗೆ ತಲುಪುತ್ತಿಲ್ಲ. ದಡ ಇನ್ನೂ ಅರ್ಧ ಕಿಲೋಮೀಟರಿತ್ತು. ಬೋಟಕ್ಕನ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿದ್ದವು. ಆದರೂ ಅವಳಿಗೆ ಯಾಕೋ ನಗು ತಡೆಯಲಾಗುತ್ತಿರಲಿಲ್ಲ. ಪಕ್ಕದಲ್ಲಿ ಅಮ್ಮನ ಹಳದಿ ಟೊಪ್ಪಿ ಏರಿಳಿಯುತ್ತಿತ್ತು. ಕಣ್ಣೆದುರಿಗೇ ಎರಡು ವರ್ಷದ ಮಾತು ಒಟ್ಟಿಗೇ ಸುರಿಯುತ್ತಿತ್ತು.

“ಭಾವ, ಆ ವೈರು ಹಿಡೀರಿ. ಅದಲ್ಲ, ಕಪ್ಪಗಿರೋದು.”

“ಅಯ್ಯಯ್ಯೋ, ಇದು ಸುಡ್ತಿದೆಯಲ್ಲೋ! ಬರೀ ವೈರು ಯಾಕೆ ಬಿಸಿಯಾಗತ್ತೆ?”

ಫ್ಯೂಸು ಹಣೆ ಬಡಿದುಕೊಂಡ. ಕಪ್ಪು ಅರ್ತ್ ವೈರು ಎಂಜಿನ್ನಿಗೆ ಬಿಗಿಯುವ ಜಾಗದಲ್ಲಿ, ಹೊರಗೆ ಚೊಕ್ಕಟವಾಗಿ ಕಾಣುವ ತುದಿಯನ್ನು ಬಿಚ್ಚಿದರೆ ಒಳಗೆಲ್ಲ ಹಸಿರು ಪುಡಿ. ಉಪ್ಪುನೀರು ತಿಂದ ತಾಮ್ರ. “ಟೇಪು ಸುತ್ತಿ ಜಂಬ ಹೊಡೆದೆ. ಇದನ್ನೇ ನೋಡ್ಲಿಲ್ಲ ನಾನು.”

“ಬಿಡೋ, ನಾನು ರೆಕ್ಕೆ ನೋಡಿದ್ನಾ? ಚಾಕು ತಗೋ, ಕೆರೆದು ಹಾಕು.”

ತುದಿ ಹೊಳೆಯುವವರೆಗೆ ಕೆರೆದು, ಬಿಗಿದು, ಕೀ ತಿರುಗಿಸಿದ. ಮೋಟಾರು ಒಮ್ಮೆ ಕೆಮ್ಮಿ ಗುಡುಗುಟ್ಟಿತು. ಪಕ್ಕದ ತೂತಿನಿಂದ ನೀರು ಬಿಲ್ಲಿನಂತೆ ಚಿಮ್ಮಿತು. ಬಾವಿ ತೋಡಿ ಸೆಲೆ ಕಂಡವರಂತೆ ಭಾವ, ಮೈದುನ ಇಬ್ಬರೂ “ಹೋ!” ಎಂದು ಕೂಗಿದರು. ದೂರದ ಅಧಿಕಾರಿ ಟೊಪ್ಪಿ ತೆಗೆದು ಬೀಸಿದ.

“ರೀ, ಮೋಟಾರು ನೀವೇ ಹಿಡೀರಿ,” ಎಂದಳು ಬೋಟಕ್ಕ, ಹುಟ್ಟು ಒಳಗೆಳೆದುಕೊಳ್ಳುತ್ತಾ. “ನನ್ನ ಕೈ ನನ್ನ ಮಾತು ಕೇಳ್ತಿಲ್ಲ.”

ಎಪ್ಪತ್ತರಲ್ಲಿ ಅರವತ್ತೆಂಟನೆಯವಳಾಗಿ ಅಮ್ಮ ಆಚೆ ದಡ ಮುಟ್ಟಿದಳು. ಹಿಂದೆ ಬಿದ್ದ ಇಬ್ಬರು ಇಪ್ಪತ್ತರ ಹುಡುಗರು. ಮೊಣಕಾಲಷ್ಟು ನೀರಿನಲ್ಲಿ ಎದ್ದು ನಿಲ್ಲಲು ಹೋಗಿ ಧೊಪ್ಪನೆ ಕೂತಳು. ಜನ ಚಪ್ಪಾಳೆ ನಿಲ್ಲಿಸಿ ಗಾಬರಿಯಾದರು. ಮಗ, ಅಳಿಯ ದೋಣಿಯಿಂದ ಬಟ್ಟೆಸಮೇತ ಹಾರಿ ಓಡಿದರು. ಒಬ್ಬ ಎಡರೆಟ್ಟೆ, ಒಬ್ಬ ಬಲರೆಟ್ಟೆ ಹಿಡಿದು ಎತ್ತಲು ನೋಡಿದರೆ ಅಮ್ಮ ಬರಲಿಲ್ಲ. ಭುಜ ಕುಲುಕುತ್ತಾ ನಗುತ್ತಿದ್ದಳು.

“ಬಿಡ್ರೋ. ಎಲ್ಲಿಗೆ ಎತ್ಕೊಂಡು ಹೋಗ್ತೀರಾ? ಇಲ್ಲಿ ಹಾಯಾಗಿದೆ. ನೀವೂ ಕೂತ್ಕೊಳ್ಳಿ.”

ಫ್ಯೂಸು ಕೂತ. ಪಂಪಣ್ಣ ಪ್ಯಾಂಟಿನ ಜೇಬಿನಿಂದ ಫೋನು ತೆಗೆದು, ಎಲ್ಲಿಡುವುದೆಂದು ತಿಳಿಯದೆ ಅಷ್ಟರಲ್ಲಿ ಹತ್ತಿರ ಬಂದಿದ್ದ ಅಧಿಕಾರಿಯ ಕೈಗೆ ಕೊಟ್ಟು, ತಾನೂ ಕೂತ. ದೋಣಿಯನ್ನು ಕಂಬಕ್ಕೆ ಕಟ್ಟಿ ಬೋಟಕ್ಕ ಬರುವಷ್ಟರಲ್ಲಿ ಮೂವರೂ ಸೊಂಟದವರೆಗೆ ನೀರಿನಲ್ಲಿದ್ದರು. ಅವಳು ಅಮ್ಮನ ಬೆನ್ನಿಗೆ ಬೆನ್ನು ಆನಿಸಿ ಕೂತು, ಉರಿಯುವ ಅಂಗೈಗಳನ್ನು ತಣ್ಣನೆಯ ನೀರಿನಲ್ಲಿ ಮುಳುಗಿಸಿ “ಹಾ!” ಎಂದಳು.