ಅಪ್ಪನ ಗ್ರೆನೇಡು ಪೆಟ್ಟಿಗೆ

ಅಕ್ಕ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಳಿಸಿದಾಗ ಅವನಿಗೆ ಸಾಕಪ್ಪಾ ಸಾಕು ಅನ್ನಿಸಿತು. ವಸ್ತುಸಂಗ್ರಹಾಲಯಕ್ಕೆ ಬರುವ ಹಳೆಯ ಯುದ್ಧಸಾಮಾನು ಅಸಲಿಯೋ ನಕಲಿಯೋ ಹೇಳುವುದು ಅವನ ಕೆಲಸ. ಬೆಳಗಿನಿಂದ ನೋಡಿದ್ದೆಲ್ಲ ನಕಲಿಯೇ. ಜನ ಹಣ್ಣಿನ ಪೆಟ್ಟಿಗೆಗೆ ಹಸಿರು ಬಣ್ಣ ಬಳಿದು ತಂದು, ಬಂದೂಕಿನ ಬಾಯಿಗೆ ಸಿಕ್ಕಿಸಿ ಹಾರಿಸುತ್ತಿದ್ದ ಗ್ರೆನೇಡುಗಳ ಪೆಟ್ಟಿಗೆ ಇದೇ ಎಂದು ಕಣ್ಣಿಗೆ ಮಣ್ಣೆರಚಲು ನೋಡುತ್ತಿದ್ದರು.

ಇದು ಅಪ್ಪನದು. ಯುದ್ಧಭೂಮಿಯಿಂದ ಹೊತ್ತು ತಂದದ್ದು ಎಂದು ಅಪ್ಪ ಸಾಯುವವರೆಗೂ ಹೇಳಿದ್ದ. ಚಿಕ್ಕಪ್ಪಂದಿರು ಅಪ್ಪನಿಗೆ ಬುರುಡೆ ದೊರೆ ಎಂದು ಹೆಸರಿಟ್ಟು ನಕ್ಕಿದ್ದರು. ಅವರೊಡನೆ ಜಗಳಕ್ಕೆ ನಿಂತವಳು ಅಕ್ಕ ಒಬ್ಬಳೇ.

"ನೀನು ಅಸಲಿ ಅಂದ್ರೆ ಅವರೆಲ್ಲರ ಬಾಯಿ ಮುಚ್ಚುತ್ತೆ. ಇಷ್ಟು ವರ್ಷ ಇವತ್ತು ನಾಳೆ ಅಂತ ಜಾರ್ಕೊಂಡೆ."

ಜಾರಿಕೊಂಡದ್ದು ನಿಜ. ಅಪ್ಪನ ಮಾತು ಸುಳ್ಳಾದೀತೆಂದು ಅವನಿಗೆ ಹೆದರಿಕೆಯಿತ್ತು.

ಮುಚ್ಚಳ ತೆಗೆದ. ಒಳಗೆ ಗ್ರೆನೇಡುಗಳು ನೆಟ್ಟಗೆ ನಿಲ್ಲಲು ತೂತು ಕೊರೆದ ಹಲಗೆ. ಸಿಡಿಮದ್ದಿನ ತಗಡಿನ ಡಬ್ಬಿಗೆ ಮೂಲೆಯಲ್ಲಿ ಬೇರೆ ಗೂಡು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ತೂತುಗಳ ಅಂಚಿನಲ್ಲಿ ಜಿಡ್ಡಿನ ಕಲೆಯಿಲ್ಲ, ಕಬ್ಬಿಣ ಉಜ್ಜಿದ ಗುರುತಿಲ್ಲ. ಇದರೊಳಗೆ ಒಂದು ಗ್ರೆನೇಡೂ ಕೂತಿರಲಿಲ್ಲ.

ಆಮೇಲೆ ಸ್ಕ್ರೂಗಳು ಕಂಡವು. ಯುದ್ಧಕಾಲದ ಅವಸರದ ಪೆಟ್ಟಿಗೆಗಳಲ್ಲಿ ಸ್ಕ್ರೂ ತಲೆಯ ಗೀರುಗಳು ಒಂದೊಂದು ಒಂದೊಂದು ಕಡೆ ತಿರುಗಿರುತ್ತವೆ. ಇಲ್ಲಿ ಎಲ್ಲವೂ ಗಡಿಯಾರದ ಹನ್ನೆರಡರ ಕಡೆಗೆ, ನೆಟ್ಟಗೆ. ಮನೆಯ ಬಾಗಿಲು, ಮಂಚ, ಅಮ್ಮನ ಕಪಾಟು, ಬಡಗಿಯಾಗಿದ್ದ ಅಪ್ಪ ಮುಟ್ಟಿದ್ದೆಲ್ಲ ಹೀಗೇ. ಗೀರುಗಳೊಳಗೆ ಯುದ್ಧಕಾಲದ ಕಾರ್ಖಾನೆಯ ಹಸಿರು ಬಣ್ಣ ಗಟ್ಟಿಯಾಗಿ ಕೂತಿತ್ತು. ಬಣ್ಣ ಬಿದ್ದ ಮೇಲೆ ಆ ಸ್ಕ್ರೂಗಳನ್ನು ಯಾರೂ ತಿರುಗಿಸಿರಲಿಲ್ಲ.

ಕನ್ನಡಕ ತೆಗೆದಿಟ್ಟು ಕಣ್ಣುಜ್ಜಿಕೊಂಡ. ಸುಳ್ಳು ಹೇಳಬಹುದಿತ್ತು, ಅದಕ್ಕೂ ತ್ರಾಣವಿರಲಿಲ್ಲ.

"ಅಸಲಿನೇ, ಅಕ್ಕ."

"ನೋಡಿದ್ಯಾ." ಅಕ್ಕನ ಮುಖ ಅರಳಿತು.

"ಅಪ್ಪನೇ ಮಾಡಿದ್ದು. ಯುದ್ಧ ನಡೀತಿದ್ದಾಗ, ಕಾರ್ಖಾನೇಲಿ ಕೂತು. ಅವನು ಯುದ್ಧಕ್ಕೆ ಹೋಗೇ ಇಲ್ಲ." ಸ್ಕ್ರೂಗಳ ಮೇಲೆ ಬೆರಳಿಟ್ಟು ತೋರಿಸಿದ.

ಅಕ್ಕ ಬಗ್ಗಿ ನೋಡಿದಳು. ಆ ಬಾಗಿಲು, ಆ ಮಂಚ ಅವಳಿಗೂ ಗೊತ್ತು. ಕುರ್ಚಿ ಎಳೆದುಕೊಂಡು ಕುಸಿದು ಕುಳಿತಳು.

"ಮತ್ತೆ ಜೀವಮಾನವೆಲ್ಲ ನಮಗ್ಯಾಕೆ ಹಾಗೆ ಹೇಳ್ದ?"

"ಮರ, ಉಳಿ ಅಂತ ಅವನು ಮಾತು ಶುರು ಮಾಡಿದ್ರೆ ನಾವಿಬ್ರೂ ಎದ್ದು ಆಡೋಕೆ ಓಡ್ತಿದ್ವಿ, ಅಕ್ಕ. ಯುದ್ಧ ಅಂದ್ರೆ ಮಾತ್ರ ಅವನ ತೊಡೆ ಮೇಲೆ ಬಂದು ಕೂತ್ಕೋತಿದ್ವಿ."